ಮನೆಯಲ್ಲಿ ತಯಾರಿಸಿದ ಸ್ಟೌಟ್ ಒಗರಾಗಿದೆ: ಅನುಭವವುಳ್ಳವರು ದಾರಿ ತೋರಿಸಬೇಕು

ಪ್ರಶ್ನೆ, ಸಿಯಾಟಲ್‌ನಿಂದ

ಕಳೆದ ಒಂದು ವರ್ಷದಿಂದ ಮನೆಯ ಗ್ಯಾರೇಜಿನಲ್ಲಿ ಬಿಯರ್ ತಯಾರಿಸುತ್ತಿದ್ದೇನೆ. ಮೂರು ಬಾರಿ ಮಾಡಿದ ಪೇಲ್ ಏಲ್ (ತಿಳಿ ಬಣ್ಣದ ಬಿಯರ್) ಚೆನ್ನಾಗಿಯೇ ಬಂದುದರಿಂದ ಈ ಸಲ ಐರಿಷ್ ಮಾದರಿಯ ಡ್ರೈ ಸ್ಟೌಟ್‌ಗೆ, ಅಂದರೆ ಹುರಿದ ಕಾಳು ಸೇರಿಸಿ ಮಾಡುವ, ಸಿಹಿ ಕಡಿಮೆಯಿರುವ ಕಪ್ಪು ಬಿಯರಿಗೆ, ಕೈಹಾಕಿದೆ. 19 ಲೀಟರಿಗೆ 3.2 ಕಿಲೋ ಪೇಲ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 450 ಗ್ರಾಂ ಹುರಿದ ಬಾರ್ಲಿ ಮತ್ತು ಬಣ್ಣ ಗಾಢವಾಗಲೆಂದು 350 ಗ್ರಾಂ ಬ್ಲ್ಯಾಕ್ ಮಾಲ್ಟ್ ಬಳಸಿದೆ. ನಲ್ಲಿ ನೀರಿಗೆ ಕ್ಲೋರಿನ್ ಹೋಗಲೆಂದು ಕ್ಯಾಂಪ್ಡೆನ್ ಮಾತ್ರೆ ಹಾಕಿದ್ದನ್ನು ಬಿಟ್ಟರೆ ಬೇರೇನನ್ನೂ ಸೇರಿಸಲಿಲ್ಲ. 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಮ್ಯಾಶ್ ಮಾಡಿ (ಪಿಷ್ಟ ಸಕ್ಕರೆಯಾಗಲೆಂದು ಕಾಳನ್ನು ಬಿಸಿನೀರಿನಲ್ಲಿ ನೆನೆಸಿಟ್ಟು), ಉಳಿದ ಸಕ್ಕರೆಯೂ ಇಳಿಯಲೆಂದು ಕುದಿಯುವ ಹಂತಕ್ಕೆ ಹತ್ತಿರವಿದ್ದ ನೀರಿನಿಂದ ಕಾಳನ್ನು ತೊಳೆದೆ. ದ್ರವದಲ್ಲಿ ಸಕ್ಕರೆ ಎಷ್ಟಿದೆಯೆಂದು ಸಾಂದ್ರತೆಯಿಂದ ತಿಳಿಸುವ ಹೈಡ್ರೋಮೀಟರಿನಲ್ಲಿ ಮೊದಲ ಅಳತೆ 1.042, ಕೊನೆಯ ಅಳತೆ 1.010 ಬಂದಿತು. ಬಾಟಲಿಯಲ್ಲಿ ಮೂರು ವಾರ ಇಟ್ಟು, ಫ್ರಿಜ್‌ನಿಂದ ತೆಗೆದು ಕುಡಿದಾಗ ನಾಲಿಗೆಗೆ ಚುರುಕಾಗಿ ತಾಗುವ ಕಹಿ, ನುಂಗಿದ ನಂತರ ಬಾಯಿ ಒಣಗುವ ಅನುಭವ, ಜೊತೆಗೆ ನೀರಿನಂತೆ ತೆಳುವಾದ ಮೈ. ಕಾಫಿಯ ಘಮ ಬರುತ್ತದೆಂದು ಕಾದಿದ್ದವನಿಗೆ ಬಹಳ ಬೇಸರವಾಯಿತು. ಇನ್ನೂ 40 ಬಾಟಲಿಗಳಿವೆ. ಇವನ್ನು ಚೆಲ್ಲಬೇಕೇ? ತಪ್ಪು ಎಲ್ಲಾಯಿತು? ಕಪ್ಪು ಬಿಯರನ್ನು ಸವಿದು ದೋಷವನ್ನು ಗುರುತಿಸಲು ಕಲಿಯುವುದು ಹೇಗೆ?

ಉತ್ತರ, ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಿಂದ

ದಯವಿಟ್ಟು ಚೆಲ್ಲಬೇಡಿ. ನಾನು ಈ ಊರಿನಲ್ಲಿ 11 ವರ್ಷಗಳಿಂದ ಬಿಯರ್ ತಯಾರಿಸುತ್ತಿದ್ದೇನೆ, ಮತ್ತು ನನ್ನ ಮೊದಲ ಎರಡು ಸ್ಟೌಟ್‌ಗಳು ನೀವು ವರ್ಣಿಸಿದ ಹಾಗೆಯೇ ಇದ್ದವು. ಅವನ್ನು ಕುಡಿದು ನಾನು ಸುಮ್ಮನೆ "ಕಹಿ ಜಾಸ್ತಿಯಾಯಿತು" ಎಂದುಕೊಂಡು ಮೂರನೆಯ ಸಲ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವನ್ನು ಕಡಿಮೆ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ, ಏಕೆಂದರೆ ದೋಷ ಇದ್ದದ್ದು ಕಹಿಯಲ್ಲಿ ಅಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇಕಾದ ಪದಗಳು ಮೊದಲಿನಿಂದಲೂ ಇವೆ. ಹಾಗಲಕಾಯಿಯದು ಕಹಿ. ಎಳೆಯ ಬಾಳೆಕಾಯಿಯದು, ಹೆಚ್ಚು ಹೊತ್ತು ಕುದಿಸಿದ ಚಹಾದ್ದು ಒಗರು. ತಳ ಹಿಡಿದ ಪಾತ್ರೆಯಿಂದ ಬರುವುದು ಸೀದ ವಾಸನೆ. ಸ್ಟೌಟ್‌ನಲ್ಲಿ ಕಹಿ ಇರಲೇಬೇಕು, ಹುರಿದ ಘಮ ಇರಲೇಬೇಕು. ಒಗರು ಮತ್ತು ಸೀದ ವಾಸನೆ ಇರಬಾರದು. ಈ ಮೂರನ್ನು ನಾಲಿಗೆ ಬೇರೆ ಬೇರೆಯಾಗಿ ಹೇಳಲು ಕಲಿತ ದಿನದಿಂದ ನನ್ನ ಸ್ಟೌಟ್ ಸುಧಾರಿಸತೊಡಗಿತು.

ನಿಮ್ಮ ಲೆಕ್ಕವನ್ನೇ ನೋಡೋಣ. ಒಟ್ಟು 4 ಕಿಲೋ ಕಾಳಿನಲ್ಲಿ 800 ಗ್ರಾಂ, ಅಂದರೆ ಐದನೇ ಒಂದು ಭಾಗ, ಕಪ್ಪು ಕಾಳೇ ಆಗಿದೆ. ಡ್ರೈ ಸ್ಟೌಟ್‌ಗೆ ಬಹಳ ಜನ ಅನುಸರಿಸುವ ಹದ ಹೀಗಿದೆ: ನೂರರಲ್ಲಿ 70 ಭಾಗ ಪೇಲ್ ಮಾಲ್ಟ್, 20 ಭಾಗ ಬಾರ್ಲಿ ಅವಲಕ್ಕಿ (ಇಲ್ಲಿನ ಅಂಗಡಿಗಳಲ್ಲಿ ಫ್ಲೇಕ್ಡ್ ಬಾರ್ಲಿ ಎಂದು ಕೇಳಬೇಕು), 10 ಭಾಗ ಹುರಿದ ಬಾರ್ಲಿ. ನಿಮ್ಮ ಅಳತೆಗೆ ಇದು 3.2 ಕಿಲೋ, 900 ಗ್ರಾಂ ಮತ್ತು 450 ಗ್ರಾಂ ಆಗುತ್ತದೆ. ಬ್ಲ್ಯಾಕ್ ಮಾಲ್ಟ್ ಬೇಕಾಗಿಯೇ ಇಲ್ಲ. 450 ಗ್ರಾಂ ಹುರಿದ ಬಾರ್ಲಿಯೇ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಮಾಣಿಕ್ಯದ ಕೆಂಪು ಕಾಣುವಷ್ಟು ಕಪ್ಪು ಬಣ್ಣವನ್ನು ಕೊಡುತ್ತದೆ. ನಿಮ್ಮ ಬಿಯರಿನ ಮೈ ತೆಳುವಾಗಿರುವುದಕ್ಕೆ ಬಾರ್ಲಿ ಅವಲಕ್ಕಿ ಇಲ್ಲದಿರುವುದೇ ಮುಖ್ಯ ಕಾರಣವೆಂದು ನನ್ನ ಅಭಿಪ್ರಾಯ. ಮೊಳಕೆ ಬರಿಸದ ಆ ಕಾಳಿನ ಪ್ರೋಟೀನು ಮತ್ತು ಬೀಟಾ ಗ್ಲೂಕನ್‌ಗಳಿಂದಲೇ ಬಾಯಿ ತುಂಬುವ ನುಣುಪೂ ನಿಲ್ಲುವ ನೊರೆಯೂ ಬರುತ್ತವೆ. ಹಾಪ್ಸ್ ವಿಷಯದಲ್ಲಿ 55 ಗ್ರಾಂ ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅನ್ನು ಕುದಿ ಬಂದ ಕೂಡಲೇ ಹಾಕಿ ಒಂದು ಗಂಟೆ ಕುದಿಸಿದರೆ ಸಾಕು, ಕೊನೆಯಲ್ಲಿ ಘಮಕ್ಕೆಂದು ಬೇರೆ ಹಾಕಬೇಕಾಗಿಲ್ಲ.

ಇನ್ನು ನೀರು. ನಿಮ್ಮ ಪೇಲ್ ಏಲ್ ಚೆನ್ನಾಗಿ ಬಂದು ಸ್ಟೌಟ್ ಕೆಟ್ಟದ್ದಕ್ಕೆ ಉತ್ತರ ಬಹುಮಟ್ಟಿಗೆ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಸಿಯಾಟಲ್‌ಗೆ ಸೀಡರ್ ಮತ್ತು ಟೋಲ್ಟ್ ನದಿಗಳಿಂದ ಬರುವ ನೀರು ನಮ್ಮ ಊರಿಗೆ ಬರುವ ಬುಲ್ ರನ್ ನದಿಯ ನೀರಿನಂತೆಯೇ ಬಹಳ ಮೃದು. ಕಪ್ಪಗೆ ಹುರಿದ ಕಾಳು ಸ್ವಭಾವತಃ ಆಮ್ಲೀಯ. ನೀರಿನಲ್ಲಿ ಬೈಕಾರ್ಬನೇಟ್ ಇದ್ದರೆ ಅದು ಆ ಆಮ್ಲವನ್ನು ತಡೆದುಕೊಳ್ಳುತ್ತದೆ; ಇಲ್ಲದಿದ್ದರೆ ಮ್ಯಾಶ್‌ನ ಪಿಎಚ್ 5.2ಕ್ಕಿಂತಲೂ ಕೆಳಗೆ ಇಳಿದು, ಬಿಯರು ಚುರುಗುಟ್ಟುವ ಹುಳಿಕಹಿಯನ್ನು ಪಡೆಯುತ್ತದೆ. ಸ್ಟೌಟ್‌ಗೆ 5.4 ಅಥವಾ 5.5 ನನಗೆ ಹಿಡಿಸಿದ ಅಳತೆ. ಇದಕ್ಕೆ ಎರಡು ದಾರಿಗಳಿವೆ. ಮ್ಯಾಶ್‌ನ ನೀರಿಗೆ 3 ಗ್ರಾಂ ಅಡುಗೆ ಸೋಡಾ ಹಾಕಿ, ಹತ್ತು ನಿಮಿಷ ಬಿಟ್ಟು ಪಿಎಚ್ ಅಳೆದು ನೋಡುವುದು ಒಂದು. ಸೀಮೆಸುಣ್ಣದ ಪುಡಿಯನ್ನು ಸೂಚಿಸುವವರೂ ಇದ್ದಾರೆ, ಆದರೆ ಅದು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲವಾದ್ದರಿಂದ ನಾನು ಅದನ್ನು ಕೈಬಿಟ್ಟೆ. ಇನ್ನೊಂದು ದಾರಿ ಇನ್ನೂ ಸುಲಭ: ಪೇಲ್ ಮಾಲ್ಟ್ ಮತ್ತು ಬಾರ್ಲಿ ಅವಲಕ್ಕಿಗಳನ್ನು ಮಾತ್ರ ಮೊದಲು ಮ್ಯಾಶ್ ಮಾಡಿ, ಹುರಿದ ಬಾರ್ಲಿಯನ್ನು ಕೊನೆಯ 15 ನಿಮಿಷಗಳಿರುವಾಗ ಸೇರಿಸುವುದು. ಅದರಲ್ಲಿ ಸಕ್ಕರೆಯಾಗಬೇಕಾದ ಪಿಷ್ಟ ಹೆಚ್ಚೇನೂ ಇಲ್ಲ. ನಮಗೆ ಬೇಕಾದ ಬಣ್ಣವೂ ಘಮವೂ ಅಷ್ಟು ಹೊತ್ತಿನಲ್ಲಿಯೇ ಇಳಿದುಬಿಡುತ್ತವೆ. ನಾನು ಈಗ ಎರಡನೆಯದನ್ನೇ ಅನುಸರಿಸುತ್ತೇನೆ.

ಬಾಯಿ ಒಣಗುವ ಅನುಭವ ಮಾತ್ರ ಬೇರೆಯೇ ತಪ್ಪಿನಿಂದ ಬಂದಿರಬಹುದು. ಕಾಳು ತೊಳೆಯುವ ನೀರು ಅಷ್ಟು ಬಿಸಿ ಇರಬಾರದು. ಕಾಳಿನ ಹಾಸಿಗೆ 77 ಡಿಗ್ರಿ ದಾಟಿತೆಂದರೆ ಸಿಪ್ಪೆಯಿಂದ ಟ್ಯಾನಿನ್ ಇಳಿಯತೊಡಗುತ್ತದೆ, ಅದೇ ಒಗರು.

ಸವಿಯುವುದರ ಬಗ್ಗೆ ಕೇಳಿದ್ದೀರಿ. ಫ್ರಿಜ್‌ನಿಂದ ತೆಗೆದ ತಕ್ಷಣ ಯಾವ ಸ್ಟೌಟನ್ನೂ ತೂಗಬೇಡಿ. ಅತಿ ತಣ್ಣಗಿದ್ದಾಗ ಘಮವೆಲ್ಲ ಅಡಗಿ ಕಹಿ ಮಾತ್ರ ಮುಂದೆ ನಿಲ್ಲುತ್ತದೆ. 10ರಿಂದ 13 ಡಿಗ್ರಿಗೆ ಬರಲು ಬಿಟ್ಟು, ಬಾಯಿ ಕಿರಿದಾದ ಗ್ಲಾಸಿನಲ್ಲಿ ಅರ್ಧದಷ್ಟೇ ಸುರಿದು, ಕುಡಿಯುವ ಮೊದಲು ಎರಡು ಮೂರು ಬಾರಿ ಮೂಸಿ ನೋಡಿ. ಗಿನ್ನೆಸ್ ಡ್ರಾಫ್ಟ್ (ಮದ್ಯಸಾರ 4.2 ಶೇಕಡಾ), ಯಾರ್ಕ್‌ಷೈರಿನ ಸ್ಯಾಮ್ಯುಯಲ್ ಸ್ಮಿತ್ ಓಟ್‌ಮೀಲ್ ಸ್ಟೌಟ್ (5 ಶೇಕಡಾ), ಕ್ಯಾಲಿಫೋರ್ನಿಯಾದ ಓಲ್ಡ್ ರಾಸ್ಪುಟಿನ್ (9 ಶೇಕಡಾ) ಇವುಗಳನ್ನು ಇದೇ ಕ್ರಮದಲ್ಲಿ ಪಕ್ಕಪಕ್ಕ ಇಟ್ಟು ಸ್ವಲ್ಪ ಸ್ವಲ್ಪವೇ ಸವಿದು, ನಂತರ ನಿಮ್ಮದನ್ನು ಸವಿಯಿರಿ. ಮೊದಲನೆಯದರಲ್ಲಿ ಹುರಿದ ಬಾರ್ಲಿಯ ಒಣ ಕಹಿ, ಎರಡನೆಯದರಲ್ಲಿ ಓಟ್ಸ್‌ನ ನುಣುಪು, ಮೂರನೆಯದರಲ್ಲಿ ಜೋನಿ ಬೆಲ್ಲವನ್ನೂ ಒಣದ್ರಾಕ್ಷಿಯನ್ನೂ ನೆನಪಿಸುವ ಗಾಢತೆ ಸಿಗುತ್ತದೆ. ಮೂರರಲ್ಲಿಯೂ ಒಗರು ಸಿಗುವುದಿಲ್ಲ. ಪಕ್ಕದಲ್ಲಿ ಚಕ್ಕುಲಿ, ಖಾರದ ಮಂಡಕ್ಕಿ ಇಡಬೇಡಿ. ಉಪ್ಪು ಕಹಿಯನ್ನು ಮರೆಸುತ್ತದೆ, ಆಗ ನಿಮ್ಮ ತೀರ್ಮಾನ ತಪ್ಪಾಗುತ್ತದೆ. ಗಿನ್ನೆಸ್‌ನ ಕೆನೆಯಂತಹ ನೊರೆಯೊಂದಿಗೆ ನಿಮ್ಮ ಬಾಟಲಿಯನ್ನು ಹೋಲಿಸಿ ನೊಂದುಕೊಳ್ಳಬೇಡಿ. ಅದು ನೈಟ್ರೋಜನ್ ಅನಿಲದ ಕೆಲಸ. ಆ ಅನಿಲ ಬಿಯರಿನಲ್ಲಿ ಕಷ್ಟದಿಂದ ಕರಗುವುದರಿಂದ ಗುಳ್ಳೆಗಳು ಬಹಳ ಸಣ್ಣದಾಗಿ ಏಳುತ್ತವೆ, ಸಕ್ಕರೆ ಹಾಕಿ ಬಾಟಲಿಯಲ್ಲಿ ಹುದುಗಿಸಿದ ಬಿಯರಿಗೆ ಅದು ದಕ್ಕದು.

ಉತ್ತರ, ಇಂಗ್ಲೆಂಡಿನ ರೆಡಿಂಗ್‌ನಿಂದ

ಮೇಲಿನವರು ನೀರಿನ ಬಗ್ಗೆ ಹೇಳಿದ್ದು ಎಷ್ಟು ನಿಜವೆಂಬುದಕ್ಕೆ ನನ್ನ ಅನುಭವ ಕನ್ನಡಿ ಹಿಡಿದಂತಿದೆ, ಆದರೆ ತಿರುಗುಮುರುಗಾಗಿ. ಥೇಮ್ಸ್ ಕಣಿವೆಯ ನಮ್ಮ ನೀರು ಸುಣ್ಣಕಲ್ಲಿನ ನೆಲದಿಂದ ಬರುವಂಥದ್ದು, ಕೆಟಲಿನಲ್ಲಿ ವಾರದೊಳಗೆ ಬಿಳಿಯ ಪದರ ಕಟ್ಟುವಷ್ಟು ಗಡಸು. ಇಲ್ಲಿ ನಾನು ಮಾಡಿದ ಮೊದಲ ಸ್ಟೌಟ್ ಯಾವ ಉಪಚಾರವೂ ಇಲ್ಲದೆ ಸೊಗಸಾಗಿ ಬಂದಿತು, ಪೇಲ್ ಏಲ್ ಮಾತ್ರ ಎರಡು ವರ್ಷ ಗಡಸಾಗಿಯೇ ಉಳಿಯಿತು. ಲಂಡನ್ ಮತ್ತು ಡಬ್ಲಿನ್‌ಗಳಲ್ಲಿ ಕಪ್ಪು ಬಿಯರ್ ನೆಲೆಯೂರಿದ್ದಕ್ಕೆ ಅಲ್ಲಿನ ಬೈಕಾರ್ಬನೇಟ್ ತುಂಬಿದ ನೀರೂ ಒಂದು ಕಾರಣ ಎಂಬುದನ್ನು ಓದಿ ತಿಳಿದಿದ್ದೆ. ನನ್ನ ಅಡುಗೆಮನೆಯ ನಲ್ಲಿಯೇ ಅದನ್ನು ತೋರಿಸಿಕೊಟ್ಟಾಗ ಆದ ಸಂತೋಷ ಇನ್ನೂ ನೆನಪಿದೆ.

ಕಪ್ಪು ಕಾಳನ್ನು ಸ್ವಲ್ಪವೇ ಬಳಸುವ ಪದ್ಧತಿಗೆ ಒಂದು ಇತಿಹಾಸವಿದೆ. 18ನೇ ಶತಮಾನದ ಪೋರ್ಟರ್ ಎಂಬ ಗಾಢ ಬಣ್ಣದ ಬಿಯರಿಗೆ ಕಂದು ಮಾಲ್ಟನ್ನೇ ದೊಡ್ಡ ಪ್ರಮಾಣದಲ್ಲಿ ಬಳಸುತ್ತಿದ್ದರು. ಅದರಲ್ಲಿ ಗಟ್ಟಿಯಾದುದಕ್ಕೆ ಸ್ಟೌಟ್ ಪೋರ್ಟರ್ ಎಂಬ ಹೆಸರಿತ್ತು. 1817ರಲ್ಲಿ ಡೇನಿಯಲ್ ವೀಲರ್ ಎಂಬವರು ಉರುಳೆಯಲ್ಲಿ ಮಾಲ್ಟನ್ನು ಕಪ್ಪಗೆ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಹೆಚ್ಚು ಸಕ್ಕರೆ ಕೊಡುವ ಪೇಲ್ ಮಾಲ್ಟನ್ನೇ ಬಹುಪಾಲು ಹಾಕಿ, ಬಣ್ಣಕ್ಕೂ ರುಚಿಗೂ ಒಂದಿಷ್ಟು ಕಪ್ಪು ಮಾಲ್ಟ್ ಸೇರಿಸಿದರೆ ಸಾಕೆಂದಾಯಿತು. ಗಿನ್ನೆಸ್‌ನ ಗುರುತಾದ, ಮೊಳಕೆ ಬರಿಸದೆ ಹುರಿದ ಬಾರ್ಲಿ ರೂಢಿಗೆ ಬಂದದ್ದು 20ನೇ ಶತಮಾನದಲ್ಲಿ. ಆದುದರಿಂದ ಬಣ್ಣಕ್ಕೆಂದು ಎರಡೂ ಬಗೆಯ ಕಪ್ಪು ಕಾಳನ್ನು ಕೈತುಂಬ ಸುರಿಯಬೇಕಾದ ಅಗತ್ಯವಿಲ್ಲ.

ಬಾಟಲಿ ತುಂಬುವ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಮೂರನೆಯ ವರ್ಷ ನಾನು ಆತುರದಿಂದ, ಹುದುಗುವ ಪಾತ್ರೆಯಿಂದ ಅನಿಲ ಹೊರಬಿಡುವ ಏರ್‌ಲಾಕಿನಲ್ಲಿ ಗುಳ್ಳೆ ನಿಂತಿತೆಂಬ ಒಂದೇ ಆಧಾರದ ಮೇಲೆ, ಹುದುಗಬೇಕಾದ ಸಕ್ಕರೆ ಇನ್ನೂ ಉಳಿದು ಅಳತೆ 1.018ರಲ್ಲಿ ಇರುವಾಗಲೇ ಬಾಟಲಿ ತುಂಬಿದೆ. ಎರಡು ವಾರಗಳ ನಂತರ ರಾತ್ರಿ ಬೀರುವಿನಲ್ಲಿ ಐದು ಬಾಟಲಿಗಳು ಒಡೆದು ಗಾಜಿನ ಚೂರುಗಳು ಮರದ ಬಾಗಿಲಿಗೆ ನಾಟಿದ್ದವು. ಮಗಳು ಆಟವಾಡುವ ಜಾಗ ಅದರ ಮುಂದೆಯೇ ಇತ್ತು. ಅಂದಿನಿಂದ ಮೂರು ದಿನಗಳ ಅಂತರದಲ್ಲಿ ಎರಡು ಬಾರಿ ಅಳೆದು, ಅಂಕಿ ಒಂದೇ ಇದ್ದರೆ ಮಾತ್ರ ಬಾಟಲಿಗೆ ಹಾಕುತ್ತೇನೆ. ಸ್ಟೌಟ್‌ಗೆ ಹೆಚ್ಚು ಗುಳ್ಳೆ ಬೇಕಿಲ್ಲ. 19 ಲೀಟರಿಗೆ ಸುಮಾರು 85 ಗ್ರಾಂ ಸಾಮಾನ್ಯ ಸಕ್ಕರೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಹಾಕಿದರೆ ಹದವಾಗಿರುತ್ತದೆ.

ಉತ್ತರ, ಬೆಂಗಳೂರಿನಿಂದ

ನಾನು ಆರು ವರ್ಷ ಮೆಲ್ಬರ್ನ್‌ನಲ್ಲಿದ್ದಾಗ ಬಿಯರ್ ತಯಾರಿಸುತ್ತಿದ್ದೆ. ಇದನ್ನು ಓದುವ ಕರ್ನಾಟಕದವರಿಗೆ ಮೊದಲು ಒಂದು ಮಾತು: ಅಮೆರಿಕದಲ್ಲಿ 1978ರ ಕಾನೂನಿನಿಂದಲೂ ಇಂಗ್ಲೆಂಡಿನಲ್ಲಿ 1963ರಿಂದಲೂ ಸ್ವಂತ ಬಳಕೆಗೆ ಮನೆಯಲ್ಲಿ ಬಿಯರ್ ಮಾಡಲು ಅವಕಾಶವಿದೆ, ಆದರೆ ನಮ್ಮಲ್ಲಿ ಅಬಕಾರಿ ಪರವಾನಗಿ ಇಲ್ಲದೆ ತಯಾರಿಸುವುದು ಅಪರಾಧ. ಆದುದರಿಂದ ಹಿಂತಿರುಗಿದ ಮೇಲೆ ನಾನು ಸಲಕರಣೆಗಳನ್ನು ತರಲಿಲ್ಲ; ಇಲ್ಲಿನ ಮೈಕ್ರೋಬ್ರೂವರಿಗಳಲ್ಲಿ ಸ್ಟೌಟ್ ಸಿಕ್ಕಾಗ ಸವಿಯುವುದಷ್ಟೇ ಈಗ ಉಳಿದಿರುವ ಹವ್ಯಾಸ.

ಕಾಫಿಯ ಘಮ ನಿರೀಕ್ಷಿಸಿದ್ದೆ ಎಂದಿರಿ. ಹುರಿದ ಬಾರ್ಲಿಯಿಂದಲೇ ಅದು ಬರುತ್ತದೆ, ಏಕೆಂದರೆ ಕಾಫಿ ಬೀಜವನ್ನೂ ಬಾರ್ಲಿಯನ್ನೂ ಹುರಿಯುವಾಗ ನಡೆಯುವ ಕ್ರಿಯೆಗಳು ಬಹುಮಟ್ಟಿಗೆ ಒಂದೇ. ಇನ್ನೂ ಬೇಕೆನಿಸಿದರೆ ನಿಜವಾದ ಕಾಫಿಯನ್ನೇ ಸೇರಿಸಬಹುದು. ಚಿಕ್ಕಮಗಳೂರಿನಿಂದ ಅಮ್ಮ ಕಳುಹಿಸಿದ ಪುಡಿಯಿಂದ ನಾನು ಮೊದಲು ಫಿಲ್ಟರಿನ ಬಿಸಿ ಡಿಕಾಕ್ಷನ್ ಇಳಿಸಿ ಹಾಕಿ ಕೈಸುಟ್ಟುಕೊಂಡೆ; ಕಹಿ ವಿಪರೀತವಾಯಿತು. ಮುಂದಿನ ಸಲ ಚಿಕೋರಿ ಬೆರೆಸದ 120 ಗ್ರಾಂ ದಪ್ಪ ಪುಡಿಯನ್ನು ಒಂದು ಲೀಟರು ತಣ್ಣೀರಿನಲ್ಲಿ ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಯಿಟ್ಟು, ಸೋಸಿ, ಬಾಟಲಿ ತುಂಬುವ ದಿನ 19 ಲೀಟರಿಗೆ ಬೆರೆಸಿದೆ. ಘಮ ಮಾತ್ರ ಬಂದಿತು, ಕಹಿ ಏರಲಿಲ್ಲ. ಆದರೂ ಮೂಲ ಸ್ಟೌಟ್ ಸರಿಹೋಗುವ ತನಕ ಕಾಫಿಗೆ ಕೈಹಾಕಬೇಡಿ, ಅದು ದೋಷವನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಸವಿದು ಕಲಿಯಲು ಶ್ರೀಲಂಕಾದ ಲಯನ್ ಸ್ಟೌಟ್ ಸಿಕ್ಕರೆ ಬಿಡಬೇಡಿ; ಗಾಢವಾಗಿದ್ದೂ ಸಿಹಿಯ ಕಡೆಗೆ ವಾಲುವ, ಬಿಸಿಲಿನ ನಾಡಿನ ಸ್ಟೌಟ್ ಹೇಗಿರುತ್ತದೆಂಬುದು ಅದರಿಂದ ತಿಳಿಯುತ್ತದೆ.

ಮತ್ತೆ, ಪೋರ್ಟ್‌ಲ್ಯಾಂಡ್‌ನಿಂದ

ಒಂದು ಪರೀಕ್ಷೆಯನ್ನು ಹೇಳಲು ಮರೆತಿದ್ದೆ. 100 ಮಿಲಿಲೀಟರ್ ನೀರಿನಲ್ಲಿ 1 ಗ್ರಾಂ ಅಡುಗೆ ಸೋಡಾ ಕರಗಿಸಿಕೊಳ್ಳಿ. ಎರಡು ಗ್ಲಾಸುಗಳಿಗೆ ನಿಮ್ಮ ಸ್ಟೌಟನ್ನು 100 ಮಿಲಿಲೀಟರಿನಂತೆ ಸುರಿದು, ಒಂದಕ್ಕೆ ಮಾತ್ರ ಆ ನೀರನ್ನು ಅರ್ಧ ಚಮಚದಿಂದ ಆರಂಭಿಸಿ ಬೆರೆಸಿ ಸವಿಯಿರಿ. ಚುರುಕು ಇಳಿದು ದುಂಡಗಾದರೆ ಆಮ್ಲ ಹೆಚ್ಚಾಗಿತ್ತೆಂದು ತಿಳಿಯಬಹುದು. ಬದಲಾಗದೆ ಉಳಿದದ್ದು ಟ್ಯಾನಿನ್.

ಪ್ರಶ್ನೆ ಕೇಳಿದವರಿಂದ

ನಿನ್ನೆ ಸಂಜೆ ಪರೀಕ್ಷೆ ಮಾಡಿದೆ. ಒಂದು ಚಮಚ ಬೆರೆಸಿದ ಗ್ಲಾಸಿನಲ್ಲಿ ಚುರುಗುಟ್ಟುವಿಕೆ ಸ್ಪಷ್ಟವಾಗಿ ತಗ್ಗಿ, ಮೊದಲ ಬಾರಿಗೆ ಹುರಿದ ಕಾಫಿ ಬೀಜದ ಘಮ ಮೂಗಿಗೆ ಬಂದಿತು. ಆದರೆ ನುಂಗಿದ ಮೇಲೆ ಕೆನ್ನೆಯ ಒಳಬದಿ ಒಣಗುವುದು ಎರಡರಲ್ಲಿಯೂ ಒಂದೇ ರೀತಿ ಇತ್ತು. ಅಂದರೆ ನಾನು ಎರಡೂ ತಪ್ಪುಗಳನ್ನು ಮಾಡಿದ್ದೇನೆ. ಇಷ್ಟು ದಿನ ಇವೆರಡನ್ನೂ ಸೇರಿಸಿ ಕಹಿ ಎನ್ನುತ್ತಿದ್ದೆ. ಬರುವ ಶನಿವಾರ ಬ್ಲ್ಯಾಕ್ ಮಾಲ್ಟ್ ಬಿಟ್ಟು, 900 ಗ್ರಾಂ ಬಾರ್ಲಿ ಅವಲಕ್ಕಿ ಸೇರಿಸಿ, ಹುರಿದ ಬಾರ್ಲಿಯನ್ನು ಕೊನೆಯ 15 ನಿಮಿಷಕ್ಕೆ ಹಾಕಿ, ತೊಳೆಯುವ ನೀರನ್ನು 75 ಡಿಗ್ರಿಗೆ ನಿಲ್ಲಿಸಿ ಮತ್ತೊಮ್ಮೆ ಮಾಡುತ್ತೇನೆ. ಹಳೆಯ ಬಾಟಲಿಗಳಲ್ಲಿ ಆರನ್ನು ಹೋಲಿಕೆಗೆಂದು ಎತ್ತಿಟ್ಟಿದ್ದೇನೆ. ಹೊಸದು ಸಿದ್ಧವಾದ ದಿನ ಎರಡನ್ನೂ 12 ಡಿಗ್ರಿಯಲ್ಲಿ ಪಕ್ಕಪಕ್ಕ ಸವಿದು ಏನು ಕಂಡಿತೆಂಬುದನ್ನು ಬರೆಯುತ್ತೇನೆ.