ಟ್ವಿನ್‌ನಲ್ಲಿ (ಎರಡು ಎಂಜಿನ್ ವಿಮಾನ) ಒಂದು ಎಂಜಿನ್ ಕೈಕೊಟ್ಟರೆ: ಹಾರೋದಾ, ಇಳಿಸೋದಾ?

ಪ್ರಶ್ನೆ: ಪೈಪರ್ ಸೆಮಿನೋಲ್ ವಿಮಾನದಲ್ಲಿ ಮಲ್ಟಿ ಎಂಜಿನ್ ತರಬೇತಿ ಶುರು ಮಾಡ್ತಿದ್ದೀನಿ. ಬೆಂಗಳೂರಿನ ಜಕ್ಕೂರಿನಂಥ ಎತ್ತರದ ಏರ್‌ಫೀಲ್ಡ್‌ನಲ್ಲಿ ಟೇಕಾಫ್ ಆದ ಕೂಡಲೇ ಒಂದು ಎಂಜಿನ್ ನಿಂತರೆ ಏನು ಮಾಡಬೇಕು? ಡೀಸೆಲ್ ಎಂಜಿನ್ನಿನ ಡಿಎ42 ವಿಮಾನ ವಾಸಿಯಾ? ತಿಳಿದವರು ಹೇಳಿ.

ಬ್ಲೂಲೈನ್: ‘ಇನ್ನೊಂದಿದೆಯಲ್ಲ’ ಅನ್ನೋ ಧೈರ್ಯವೇ ಮುಳುಗಿಸೋದು. ಪವರ್ ಅರ್ಧ ಹೋದರೆ ಕ್ಲೈಂಬ್ (ಮೇಲೇರೋ ಶಕ್ತಿ) ಶೇ. 80ಕ್ಕೂ ಹೆಚ್ಚು ಹೋಗುತ್ತೆ. ಜಕ್ಕೂರು ಸುಮಾರು 3,000 ಅಡಿ. ಏಪ್ರಿಲ್ ಮಧ್ಯಾಹ್ನ 34 ಡಿಗ್ರಿ ಅಂದ್ಕೊಳ್ಳಿ. ಆ ಎತ್ತರಕ್ಕೆ ಸ್ಟ್ಯಾಂಡರ್ಡ್ 9. ಹೆಚ್ಚಿರೋದು 25, ಡಿಗ್ರಿಗೆ 120 ಅಡಿ ಸೇರಿಸಿ. ಡೆನ್ಸಿಟಿ ಆಲ್ಟಿಟ್ಯೂಡ್ (ತೆಳು ಗಾಳಿಯಿಂದ ವಿಮಾನಕ್ಕೆ ಅನಿಸೋ ಎತ್ತರ) 6,000 ಅಡಿ ಆಯ್ತು. ಫುಲ್ ತೂಕದ ಸೆಮಿನೋಲ್‌ಗೆ ಸಿಂಗಲ್ ಎಂಜಿನ್ ಸೀಲಿಂಗ್, ಅಂದರೆ ಒಂದೇ ಎಂಜಿನ್ನಲ್ಲಿ ಏರಬಲ್ಲ ಮಿತಿ, 3,800 ಅಡಿ. ಚಕ್ರ ನೆಲದಲ್ಲಿರುವಾಗಲೇ ಸೀಲಿಂಗ್ ದಾಟಿದ್ದೀರಿ! ಗೇರ್ (ಚಕ್ರಗಳು) ಇನ್ನೂ ಕೆಳಗಿದ್ದರೆ ಎರಡೂ ಥ್ರಾಟಲ್ ಎಳೆದು ನೇರ ಮುಂದಕ್ಕೆ ಇಳಿಸಿ.

ಮಿಕ್ಸ್ಚರ್ ಮಾಸ್ತರ್: ಹುಡುಗನ್ನ ಹೆದರಿಸಬೇಡಿ ಸ್ವಾಮಿ. ಬೆಳಗ್ಗೆ ಆರಕ್ಕೆ, ಇಬ್ಬರೇ, ಅರ್ಧ ಟ್ಯಾಂಕ್ ಅಂದರೆ ಲೆಕ್ಕವೇ ಬೇರೆ. 88 ನಾಟ್ (ಒಂದೇ ಎಂಜಿನ್ನಲ್ಲಿ ಚೆನ್ನಾಗಿ ಏರೋ ವೇಗ) ಇದ್ದು ಗೇರ್ ಮೇಲಿದ್ದರೆ ಡ್ರಿಲ್ ಮಾಡಿ: ಆರೂ ಲಿವರ್ (ಎಂಜಿನ್‌ಗೆ ಮೂರು: ಥ್ರಾಟಲ್, ಪ್ರಾಪ್, ಮಿಕ್ಸ್ಚರ್) ಮುಂದಕ್ಕೆ, ಫ್ಲಾಪ್ ಮೇಲೆ, ರಡ್ಡರ್ ಒತ್ತದೆ ಯಾವ ಕಾಲು ಸುಮ್ಮನಿದೆಯೋ ಆ ಕಡೆಯದು ಸತ್ತಿದೆ. ಅದರ ಥ್ರಾಟಲ್ ಎಳೆದು ಖಾತ್ರಿ ಮಾಡ್ಕೊಂಡೇ ಫೆದರ್ (ಗಾಳಿ ತಡೆಯದಂತೆ ಪ್ರಾಪ್ ಅಲಗು ತಿರುಗಿಸೋದು). ತಡ ಮಾಡಬೇಡಿ, 950 ಆರ್‌ಪಿಎಂಗಿಂತ ಕೆಳಗೆ ಪ್ರಾಪ್ ಅಲಗಿನ ಲಾಕ್ ಪಿನ್ ಕೂತುಬಿಡುತ್ತೆ, ಆಮೇಲೆ ಲಿವರ್ ಎಳೆದರೂ ಫೆದರ್ ಆಗಲ್ಲ. ಲೈವ್ (ಓಡ್ತಿರೋ) ಎಂಜಿನ್ ಕಡೆ 5 ಡಿಗ್ರಿ ಬ್ಯಾಂಕ್ (ವಾಲಿಕೆ).

ಬ್ಲೂಲೈನ್: 5 ಡಿಗ್ರಿ ವಿಎಂಸಿ (ಒಂದೇ ಎಂಜಿನ್ನಲ್ಲಿ ಹಿಡಿತ ಉಳಿಯೋ ಕನಿಷ್ಠ ವೇಗ) ಅಳೆಯೋಕೆ, ಮಾಸ್ತರೇ! ಕ್ಲೈಂಬ್ ಬೇಕಾದರೆ 2–3 ಸಾಕು, ಬಾಲ್ (ಅಡ್ಡ ಜಾರಿಕೆ ತೋರಿಸೋ ಮೀಟರಿನ ಗುಂಡು) ಅರ್ಧ ಲೈವ್ ಕಡೆಗಿರಲಿ. ಇದನ್ನೇ ತಪ್ಪು ಕಲಿಸ್ತಾ ಬಂದಿದ್ದಾರೆ.

ಮಿಕ್ಸ್ಚರ್ ಮಾಸ್ತರ್: ಮೊದಲು ವಿಮಾನ ಮಗುಚದೇ ಇರಲಿ, ಬಾಲ್ ಆಮೇಲೆ ನೋಡೋಣ.

ಡೀಸೆಲ್ ರಾಯ: ಇದೆಲ್ಲ ಯಾಕೆ? ಡಿಎ42 ತಗೊಳ್ಳಿ. ಎಂಜಿನ್‌ಗೆ ಒಂದೇ ಲಿವರ್, ಎಂಜಿನ್ ಮಾಸ್ಟರ್ ಸ್ವಿಚ್ ಆಫ್ ಮಾಡಿದರೆ ತಾನೇ ಫೆದರ್. ಸೆಮಿನೋಲ್ ಗಂಟೆಗೆ ಸುಮಾರು 75 ಲೀಟರ್ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಕುಡಿಯುತ್ತೆ. ಇದಕ್ಕೆ 45–50 ಲೀಟರ್ ಜೆಟ್ ಎ-1, ಅದೂ ಅಗ್ಗ.

ಬ್ಲೂಲೈನ್: 2007ರಲ್ಲಿ ಜರ್ಮನಿಯ ಸ್ಪೈಯರ್‌ಡಾರ್ಫ್‌ನಲ್ಲಿ ಡಿಎ42ಗೆ ಏನಾಯ್ತು ರಾಯರೇ? ಬ್ಯಾಟರಿ ಡೆಡ್, ಹೊರಗಿನ ಪವರ್‌ನಿಂದಲೇ ಎರಡೂ ಎಂಜಿನ್ ಸ್ಟಾರ್ಟ್. ಟೇಕಾಫ್ ಆಗಿ ಗೇರ್ ಎತ್ತಿದಾಗ ವೋಲ್ಟೇಜ್ ಕುಸಿದು ಎರಡೂ ಇಸಿಯು (ಎಂಜಿನ್ ನಡೆಸೋ ಕಂಪ್ಯೂಟರ್) ರೀಸೆಟ್, ಎರಡೂ ಪ್ರಾಪ್ ಫೆದರ್.

ಡೀಸೆಲ್ ರಾಯ: ಅದು ಥೀಲರ್ಟ್ ಕಂಪನಿಯ ಹಳೇ ಎಂಜಿನ್. ಎರಡನೆಯದನ್ನು ಹೊರಗಿನ ಪವರ್‌ನಿಂದ ಸ್ಟಾರ್ಟ್ ಮಾಡಬಾರದು ಅಂತ ಮ್ಯಾನುಯಲ್‌ನಲ್ಲೇ ಇತ್ತು. ಈಗಿನ ಆಸ್ಟ್ರೋ ಕಂಪನಿಯ ಎಂಜಿನ್ನಲ್ಲಿ ಇಸಿಯುಗೆ ಬ್ಯಾಕಪ್ ಬ್ಯಾಟರಿ ಇದೆ. ಹಳೇ ಕತೆ ಎಷ್ಟು ಸಲ ಹೇಳ್ತೀರಿ?

ಮಿಕ್ಸ್ಚರ್ ಮಾಸ್ತರ್: ನೆಲದಿಂದ 3,000 ಅಡಿಗಿಂತ ಕೆಳಗೆ ನಿಜವಾಗಿ ಶಟ್‌ಡೌನ್ ಮಾಡಿಸೋ ಇನ್‌ಸ್ಟ್ರಕ್ಟರ್ ಇದ್ದರೆ ಬೇಡ ಅನ್ನಿ. ಅಲ್ಲಿ ಥ್ರಾಟಲ್ ಎಳೆದು ಝೀರೋ ಥ್ರಸ್ಟ್ (ಫೆದರ್ ಆದಂತೆ ವರ್ತಿಸೋಷ್ಟು ಪವರ್) ಇಟ್ಟರೆ ಸಾಕು.

ಬ್ಲೂಲೈನ್: ಇದೊಂದು ಒಪ್ಪಿದೆ. ಇನ್ನೊಂದು: ಶಟ್‌ಡೌನ್ ಮಾಡಿದ ಎಂಜಿನ್ ರೀಸ್ಟಾರ್ಟ್ ಆದ ಮೇಲೆ ಬಿಸಿಯಾಗೋ ಮುಂಚೆ ಫುಲ್ ಪವರ್ ಕೊಟ್ಟು ಸಿಲಿಂಡರ್ ಬಿರುಕು ಬಿಟ್ಟರೆ ಬಿಲ್ ಯಾರದು? ದುಡ್ಡು ಕಟ್ಟೋ ಮುಂಚೆ ಬರವಣಿಗೆಯಲ್ಲಿ ತಗೊಳ್ಳಿ.

ಡೀಸೆಲ್ ರಾಯ: ನಮ್ಮದರಲ್ಲಿ ಕೂಲೆಂಟ್ ಇದೆ, ಆ ರಗಳೆ ಕಮ್ಮಿ.

ಬ್ಲೂಲೈನ್: ಗೇರ್‌ಬಾಕ್ಸ್ ರಗಳೆನೂ ಹೇಳಿ ಮತ್ತೆ!