ಸೆಟ್-ಫೀಲ್ಡ್ ಮೆಸೇಜನ್ನ ಓವಿಎಸ್ ಒಪ್ತಾನೇ ಇಲ್ಲ, ಮೂರು ದಿನ ಆಯ್ತು

ತುಂಗಾತೀರ:
ಓವಿಎಸ್ (ಓಪನ್ ವಿಸ್ವಿಚ್, ಸಾಫ್ಟ್‌ವೇರ್ ಸ್ವಿಚ್ಚು) ನಡೆಸೋಕೆ ಗೋ ಭಾಷೇಲಿ ಸ್ವಂತ ಕಂಟ್ರೋಲರ್, ಅಂದ್ರೆ ಸ್ವಿಚ್ಚಿಗೆ ಆದೇಶ ಕೊಡೋ ಪ್ರೋಗ್ರಾಮ್, ಬರೀತಿದೀನಿ. ಪ್ಯಾಕೆಟ್ಟಿನ ಡೆಸ್ಟಿನೇಷನ್ ಐಪಿ ಬದಲಾಯಿಸಿ ಎರಡನೇ ಪೋರ್ಟಿಗೆ ಕಳಿಸ್ಬೇಕು, ಇಷ್ಟೇ ಕೆಲಸ. ಬದಲಾಯಿಸೋಕೆ ಸೆಟ್-ಫೀಲ್ಡ್ ಅನ್ನೋ ಆಕ್ಷನ್ ಬಳಸ್ತಿದೀನಿ. ಫ್ಲೋ-ಮಾಡ್ (ಸ್ವಿಚ್ಚಿಗೆ ರೂಲು ಹಾಕೋ ಮೆಸೇಜು) ಕಳಿಸಿದ ತಕ್ಷಣ ಸ್ವಿಚ್ಚಿಂದ ಎರರ್ ವಾಪಸ್ ಬರುತ್ತೆ. ಕೋಡ್ ಎಷ್ಟು ಸಲ ನೋಡಿದ್ರೂ ತಪ್ಪು ಕಾಣ್ತಿಲ್ಲ. ನಿನ್ನೆ ರಾತ್ರಿ ಎರಡು ಗಂಟೆವರೆಗೂ ಕೂತಿದ್ದೆ. ಯಾರಾದ್ರೂ ದಾರಿ ತೋರಿಸಿ.

ಹಳೇಕೇಬಲ್:
ಮ್ಯಾಚ್‌ನಲ್ಲಿ (ರೂಲು ಯಾವ ಪ್ಯಾಕೆಟ್ಟಿಗೆ ಅಂತ ಹೇಳೋ ಭಾಗ) ಈಥರ್‌ಟೈಪ್ 0800, ಅಂದ್ರೆ ಐಪಿವಿ4 ಅನ್ನೋ ಗುರುತು, ಹಾಕಿಲ್ಲ ನೀವು. ಐಪಿ ಫೀಲ್ಡ್ ಮುಟ್ಟೋ ಮುಂಚೆ ಅದು ಐಪಿ ಪ್ಯಾಕೆಟ್ಟು ಅಂತ ಮ್ಯಾಚ್‌ನಲ್ಲೇ ಹೇಳಿರ್ಬೇಕು.

ತುಂಗಾತೀರ:
ಹಾಕಿದೀನಿ ಸರ್.

ಹಳೇಕೇಬಲ್:
ಹಾಗಾದ್ರೆ ಬೈಟ್ ಆರ್ಡರ್ ತಿರುಗಿರುತ್ತೆ. 0008 ಅಂತ ಹೋಗ್ತಿರುತ್ತೆ, ಇನ್ನೊಂದ್ಸಲ ನೋಡಿ.

ನೆಟ್‌ಹುಚ್ಚ:
ಮಾರಾಯ್ರೆ, ಓಪನ್‌ಫ್ಲೋ (ಕಂಟ್ರೋಲರೂ ಸ್ವಿಚ್ಚೂ ಮಾತಾಡೋ ಪ್ರೊಟೊಕಾಲ್) ಯಾವ ವರ್ಷನ್? ಎರರ್ ನಂಬರ್ ಎಷ್ಟು? ಎರಡೂ ಬರ್ದೇ ಇಲ್ವಲ್ಲ. 1.0 ಆಗಿದ್ರೆ ಸೆಟ್-ಫೀಲ್ಡೇ ಇಲ್ಲ, ಅದು ಬಂದಿದ್ದು 1.2ರಲ್ಲಿ.

ತುಂಗಾತೀರ:
1.3. ಟೈಪ್ 2, ಕೋಡ್ 1. 0800 ಸರಿಯಾಗೇ ಹೋಗ್ತಿದೆ, ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ಬಿಚ್ಚಿ ತೋರಿಸೋ ಟೂಲು) ನೋಡ್ದೆ.

ಹಳೇಕೇಬಲ್:
ಆದ್ರೂ ನನಗೆ ಮ್ಯಾಚ್ ಮೇಲೇ ಅನುಮಾನ.

ನೆಟ್‌ಹುಚ್ಚ:
ಅಲ್ಲ. ಮ್ಯಾಚಿಗೂ ಆಕ್ಷನ್ನಿಗೂ ಹೊಂದಿಕೆ ಇಲ್ದಿದ್ರೆ ಕೋಡ್ 10 ಬರುತ್ತೆ. 1 ಅಂದ್ರೆ ಆಕ್ಷನ್ ಉದ್ದ ತಪ್ಪು.

ರ್ಯಾಕ್‌ಮನೆ:
ಇನ್ನೂ ಓಪನ್‌ಫ್ಲೋ ಯಾಕೆ? ಪಿ4 (ಸ್ವಿಚ್ ಪ್ರೋಗ್ರಾಮ್ ಮಾಡೋ ಭಾಷೆ) ಕಲೀರಿ, ಹೆಡರ್ ಹೇಗಿರ್ಬೇಕು ಅಂತ ನೀವೇ ಬರ್ಕೋಬಹುದು. ನನ್ನ ಮನೇಲಿ ಎರಡು ಹಳೇ ಸರ್ವರ್, 10 ಗಿಗಾಬಿಟ್ ಕಾರ್ಡು, ಡಿಪಿಡಿಕೆ (ಪ್ಯಾಕೆಟ್ ವೇಗವಾಗಿ ಸಾಗಿಸೋ ಲೈಬ್ರರಿ). ಫ್ಯಾನ್ ಸದ್ದಿಗೆ ಮನೆಯವರು ಅಟ್ಟಕ್ಕೆ ಸಾಗಿಸಿದ್ರು, ಅಲ್ಲೇ ಚೆನ್ನಾಗಿ ಓಡ್ತಿದೆ.

ಹಳೇಕೇಬಲ್:
ಪಿ4ನಲ್ಲಿ ಚೆಕ್‌ಸಮ್ಮೂ (ಪ್ಯಾಕೆಟ್ ಕೆಟ್ಟಿದೆಯಾ ಅಂತ ನೋಡೋ ಲೆಕ್ಕ) ನೀವೇ ಬರೀಬೇಕಲ್ಲ. ಓವಿಎಸ್‌ನಲ್ಲಿ ಐಪಿ ಬದಲಾದ್ರೆ ಐಪಿ, ಟಿಸಿಪಿ ಎರಡರ ಚೆಕ್‌ಸಮ್ಮನ್ನೂ ಅದೇ ಸರಿಮಾಡುತ್ತೆ.

ರ್ಯಾಕ್‌ಮನೆ:
ನಾಲ್ಕು ಸಾಲು ಬರೆಯೋಕೂ ಬೇಜಾರಾ ನಿಮಗೆ?

ತುಂಗಾತೀರ:
ದಯವಿಟ್ಟು ಆ ಚರ್ಚೆ ಬೇರೆ ಕಡೆ ಇಟ್ಕೊಳ್ಳಿ. ಇನ್ನೊಂದು ವಿಚಿತ್ರ: ಐಪಿವಿ6 ವಿಳಾಸ ಬದಲಾಯಿಸೋ ರೂಲು ಇದೇ ಫಂಕ್ಷನ್ನಿಂದ ಸಲೀಸಾಗಿ ಹೋಗಿ ಕೂತ್ಕೊಳ್ಳುತ್ತೆ.

ನೆಟ್‌ಹುಚ್ಚ:
ಇದನ್ನ ಮೊದಲೇ ಹೇಳ್ಬೇಕಿತ್ತು! ಲೆಕ್ಕ ಹಾಕಿ, ಆಕ್ಷನ್ನಿನ ಉದ್ದ ಎಂಟರಿಂದ ಭಾಗ ಹೋಗ್ಲೇಬೇಕು. ಆಕ್ಷನ್ನಿನ ಟೈಪು, ಉದ್ದ ಸೇರಿ 4 ಬೈಟ್. ಫೀಲ್ಡ್ ಯಾವ್ದು ಅಂತ ಹೇಳೋ ಓಎಕ್ಸ್‌ಎಂ ಹೆಡರ್ 4. ಐಪಿವಿ6 ವಿಳಾಸ 16. ಒಟ್ಟು 24, ಎಂಟರಿಂದ ಸರಿಯಾಗಿ ಭಾಗ ಹೋಗುತ್ತೆ. ಐಪಿವಿ4 ಆದ್ರೆ 4+4+4, ಅಂದ್ರೆ 12. ಮುಂದೆ 4 ಸೊನ್ನೆ ಬೈಟ್ ತುಂಬಿ 16 ಮಾಡ್ಬೇಕು, *ಉದ್ದದ ಜಾಗದಲ್ಲೂ 16 ಅಂತಲೇ ಬರೀಬೇಕು*. ಮೊದಲ ಎಂಟು ಬೈಟ್ ಹೀಗಿರ್ಬೇಕು:

00 19 00 10 80 00 18 04

(ಹೆಕ್ಸ್‌ನಲ್ಲಿ 10 ಅಂದ್ರೆ 16.) ನಿಮ್ಮದ್ರಲ್ಲಿ ಏನಿದೆ?

ತುಂಗಾತೀರ:
ಉದ್ದ 12 ಅಂತ ಹೋಗ್ತಿದೆ! ಸೊನ್ನೆ ತುಂಬಿದೀನಿ, ಉದ್ದಕ್ಕೆ ಸೇರಿಸಿಲ್ಲ. ಮ್ಯಾಚ್‌ಗೆ ಬರೆದಿದ್ದ ಫಂಕ್ಷನ್ನನ್ನೇ ಇಲ್ಲೂ ಬಳಸ್ದೆ. ಅಲ್ಲಿ ಉದ್ದ 10 (ಹೆಕ್ಸ್ ಅಲ್ಲ, ಮಾಮೂಲಿ ಹತ್ತು) ಅಂತ ಹೋಗ್ತಿತ್ತು, ಸ್ವಿಚ್ ಒಪ್ತಿತ್ತು.

ನೆಟ್‌ಹುಚ್ಚ:
ಅಲ್ಲೇ ಇರೋದು ತೊಂದರೆ. ಮ್ಯಾಚ್‌ನ ಉದ್ದದಲ್ಲಿ ಪ್ಯಾಡಿಂಗ್ (ತುಂಬಿದ ಸೊನ್ನೆ ಬೈಟುಗಳು) ಸೇರಲ್ಲ, ಆಕ್ಷನ್ನಿನ ಉದ್ದದಲ್ಲಿ ಸೇರುತ್ತೆ. ಒಂದೇ ಮೆಸೇಜಲ್ಲಿ ಎರಡು ನಿಯಮ ಇಟ್ಟಿದ್ದು ವಿನ್ಯಾಸದ ತಪ್ಪು ಅಂತಲೇ ನನ್ನ ಅಭಿಪ್ರಾಯ. 1.0ರಲ್ಲಿ ಪ್ರತಿ ಫೀಲ್ಡಿಗೂ ಬೇರೆ ಬೇರೆ ಆಕ್ಷನ್ ಇದ್ದು ಉದ್ದುದ್ದ ಆಗಿತ್ತು ನಿಜ, ಆದ್ರೆ ಪ್ಯಾಡ್ ಬೈಟುಗಳು ಸ್ಟ್ರಕ್ಟಲ್ಲೇ (ಮೆಸೇಜಿನ ರಚನೆ ಬರೆದಿರೋ ಕಡೆ) ಕಣ್ಣಿಗೆ ಬೀಳ್ತಿದ್ವು.

ರ್ಯಾಕ್‌ಮನೆ:
ಹೊಸ ಫೀಲ್ಡ್ ಬಂದಾಗೆಲ್ಲ ಹೊಸ ಆಕ್ಷನ್ ಸೇರಿಸ್ತಾ ಕೂರೋಕಾಗುತ್ತಾ? ಸೆಟ್-ಫೀಲ್ಡೇ ಸರಿ.

ತುಂಗಾತೀರ:
ಕೆಲಸ ಮಾಡ್ತು! ನೆಟ್‌ಹುಚ್ಚ ಅವರಿಗೆ ತುಂಬಾ ಧನ್ಯವಾದ. ಮ್ಯಾಕ್ ವಿಳಾಸದ್ದೂ ಹೋಯ್ತು, 14 ಇದ್ದಿದ್ದನ್ನ 16 ಮಾಡ್ದೆ. ಆದ್ರೆ ಟಿಸಿಪಿ ಪೋರ್ಟ್ ಬದಲಾಯಿಸೋ ರೂಲಿಗೆ ಈಗ ಕೋಡ್ 10 ಬರ್ತಿದೆ.

ಹಳೇಕೇಬಲ್:
ಮ್ಯಾಚ್‌ನಲ್ಲಿ ಐಪಿ ಪ್ರೊಟೊಕಾಲ್ 6, ಅಂದ್ರೆ ಟಿಸಿಪಿ, ಹಾಕಿದೀರಾ?