ಮಗಳ ಫೋಟೋ ಸ್ಟಿಕ್ಕರ್ ಮಾಡಿ ಕಾಡುತ್ತಿದ್ದಾರೆ, ಏನು ಮಾಡಲಿ?

ಶಿರಸಿಯ ಅಮ್ಮ:
ಮಗಳು 8ನೇ ಕ್ಲಾಸು. ಮಾರಿಕಾಂಬಾ ಜಾತ್ರೆಯಲ್ಲಿ ತೊಟ್ಟಿಲು ಹತ್ತಿದಾಗ ತೆಗೆದ ಫೋಟೋಗೆ ಹಂದಿ ಮೂಗು ಅಂಟಿಸಿ, ಕ್ಲಾಸಿನವರು ವಾಟ್ಸಾಪ್ ಸ್ಟಿಕ್ಕರ್ ಮಾಡಿದ್ದಾರೆ. ಯಾರ ಹುಟ್ಟುಹಬ್ಬ ಬಂದರೂ ಅದೇ. ನಿನ್ನೆ ದೋಸೆ ತಟ್ಟೆ ಹಾಗೇ ಬಿಟ್ಟು ಎದ್ದಳು. ಫೋನ್ ಟಿಣ್ ಅಂದರೆ ಬೆಚ್ಚಿಬೀಳುತ್ತಾಳೆ. ಶಾಲೆಯಲ್ಲಿ ಹೇಳಿದರೆ ಮಕ್ಕಳಾಟ ಬಿಡಿ ಅಂದರು. ಅವಳ ಫೋನ್ ಕಿತ್ತುಕೊಳ್ಳಲಾ?

ಕುಮಟಾದ ಟೀಚರ್:
ಅಕ್ಕಾ, ಅದೊಂದು ಮಾಡಬೇಡಿ. ಮುಂದಿನ ಸಲ ಅವಳು ನಿಮಗೆ ಹೇಳುವುದೇ ಇಲ್ಲ. ಏನನ್ನೂ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಿ. ದಿನಾಂಕ, ನಂಬರ್ ಕಾಣಬೇಕು. ಹೆಡ್‌ಮಾಸ್ಟರಿಗೆ ಬರೆದು ಕೊಡಿ, ಪ್ರತಿಯ ಮೇಲೆ ಸಹಿ ಹಾಕಿಸಿಕೊಳ್ಳಿ. ಬಾಯಿಮಾತು ಮರೆತುಹೋಗುತ್ತದೆ, ಅಲ್ವಾ? ನನ್ನ ಕ್ಲಾಸಿನಲ್ಲಿ ಹೀಗಾದಾಗ, ಸ್ಟಿಕ್ಕರ್ ಮಾಡಿದ ಹುಡುಗನಿಗಿಂತ ಸುಮ್ನೆ ನೋಡಿ ನಕ್ಕವರ ಜೊತೆಗೇ ಜಾಸ್ತಿ ಮಾತಾಡಬೇಕಾಯಿತು.

ಕಾರವಾರದ ಅಪ್ಪ:
1098 ಮಕ್ಕಳ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. ಬೆದರಿಕೆ, ಅಸಹ್ಯ ಚಿತ್ರ ಬಂದರೆ ಮಾತ್ರ ಶಾಲೆಗಾಗಿ ಕಾಯಬೇಡಿ. ಸೀದಾ ಪೊಲೀಸರ ಹತ್ತಿರ ಹೋಗಿ.

ಶಿರಸಿಯ ಅಮ್ಮ:
ಸಂಜೆ ಇಬ್ಬರೂ ಕೂತು 11 ಸ್ಕ್ರೀನ್‌ಶಾಟ್ ತೆಗೆದೆವು. ಆಮೇಲೆ ಅವಳೇ ಗ್ರೂಪಿನಿಂದ ಹೊರಗೆ ಬಂದಳು. ರಾತ್ರಿ ಎರಡು ದೋಸೆ ತಿಂದಳು. ನಾಳೆ ಅರ್ಜಿ ಕೊಡುತ್ತೇನೆ.